ಹದಿನಾಲ್ಕನೇ ತಾರೀಕಿನ ಗ್ರೂಪ್ ಫೋಟೋ

ಸಿದ್ದಲಿಂಗೇಶ್ ಬಾಯಿ ಬಿಟ್ಟು ‘ನಿಲ್ಲಿ’ ಎಂದರೆ ಮುಹೂರ್ತವೂ ನಿಲ್ಲುತ್ತಿತ್ತು. ಇದು ಹೊಗಳಿಕೆಯ ಮಾತಲ್ಲ. ಕಳೆದ ಇಪ್ಪತ್ತೆರಡು ವರ್ಷಗಳಲ್ಲಿ ಆಂಧ್ರದ ಗಡಿಯ ಹಿಂದೂಪುರದ ಸುತ್ತಮುತ್ತ ಮದುವೆಯಾದ ಯಾರನ್ನು ಬೇಕಾದರೂ ಕೇಳಿ ನೋಡಬಹುದು. ತಾಳಿ ಕಟ್ಟಲು ಕೈ ಎತ್ತಿದ ವರ, ಅಕ್ಷತೆ ಹಿಡಿದ ನೆಂಟರಿಷ್ಟರು, ‘ಗಟ್ಟಿಮೇಳ’ ಎಂದು ಕೂಗಿಯಾದ ಪುರೋಹಿತರು, ಎಲ್ಲರೂ ಅವನ ಮುಖ ನೋಡುತ್ತಿದ್ದರು. “ನಿಲ್ಲಿ ಸ್ವಾಮಿ, ಇಲ್ಲಿ ನೋಡಿ, ನಗಿ” ಎಂದು ಅವನು ಹೇಳಿ, ಫ್ಲ್ಯಾಶ್ ಮಿಂಚಿದ ಮೇಲೆಯೇ ತಾಳಿ ವಧುವಿನ ಕೊರಳಿಗೆ ಇಳಿಯುತ್ತಿತ್ತು. ಒಮ್ಮೆ ಬ್ಯಾಟರಿ ಮುಗಿದು, ಅವನು ಸ್ಟುಡಿಯೋಕ್ಕೆ ಹೋಗಿ ಬೇರೆ ಬ್ಯಾಟರಿ ತರುವವರೆಗೆ ಒಬ್ಬ ವರ ಕೈ ಎತ್ತಿಕೊಂಡೇ ನಿಂತಿದ್ದ. ಆ ವರನಿಗೆ ಈಗ ಎರಡು ಮಕ್ಕಳು. ಭುಜ ಮಾತ್ರ ಇನ್ನೂ ಸರಿಹೋಗಿಲ್ಲ.

ಇಂಥ ಮನುಷ್ಯನಿಗೆ ಓಡುವವರ ಫೋಟೋ ತೆಗೆಯುವ ಕೆಲಸ ಬಂತು.

ಕೆಲಸ ಕೊಟ್ಟವರು ಊರಿನ ಒಂದು ಡಿಗ್ರಿ ಕಾಲೇಜಿನ ಆಟೋಟದ ಮೇಷ್ಟ್ರು, ಎಲ್ಲರ ಬಾಯಲ್ಲಿ ಪಿ.ಡಿ. ಸಾರ್, ವಿಜಯಕುಮಾರ್. ಕಾಲೇಜಿಗೆ ಗ್ರೇಡು ಕೊಡಲು ಸಮಿತಿಯೊಂದು ಬರುವುದಿತ್ತು, ಅವರಿಗೆ ತೋರಿಸಲು ಫೋಟೋಗಳು ಬೇಕಿದ್ದವು. ಯಾವುದೋ ಹೊರದೇಶದ ಕಾಲೇಜಿನವರು ತಮ್ಮ ಓಟಗಾರನೊಬ್ಬನ ಹಿಂದೆ ಇಡೀ ಸೀಸನ್ ಕ್ಯಾಮರಾ ಬಿಟ್ಟು ತೆಗೆಸಿದ್ದ ಫೋಟೋಗಳನ್ನು ಪಿ.ಡಿ. ಸಾರ್ ಮೊಬೈಲಿನಲ್ಲಿ ನೋಡಿ ಮರುಳಾಗಿದ್ದರು.

“ಮೆಡಲ್ ಹಾಕ್ಕೊಂಡು ನಿಂತಿರೋ ಫೋಟೋ ಬ್ಯಾಡ ಕಣಪ್ಪ, ಅದು ಎಲ್ಲಾ ಕಾಲೇಜಲ್ಲೂ ಐತೆ. ಅದಕ್ಕೆ ಮುಂಚಿಂದು ಬೇಕು. ತೆರೆ ಹಿಂದಿಂದು. ನಮ್ಮ ಓಟದ ಹುಡುಗಿ ಬೆಳಿಗ್ಗೆ ತಯಾರಾಗೋದು, ಅವರಮ್ಮ ತಲೆ ಬಾಚೋದು, ಅಂಥವು.”

“ಅರ್ಥ ಆಯ್ತು ಬಿಡಿ ಸಾರ್. ಮುಂಚಿನ ಶಾಸ್ತ್ರಗಳು,” ಎಂದ ಸಿದ್ದಲಿಂಗೇಶ್. “ಅದ್ರಾಗೆ ನಂಗೆ ಯಾರೂ ಹೇಳ್ಕೊಡಂಗಿಲ್ಲ.”

“ಶಾಸ್ತ್ರ ಅಲ್ಲಯ್ಯ! ಆಮೇಲೆ ಒಂದೇ ಕಂಡೀಷನ್ನು. ಹುಡುಗಿ ಕ್ಯಾಮರಾ ನೋಡ್ಬಾರ್ದು. ನೀನು ನಿಲ್ಲು ಅನ್ಬಾರ್ದು. ನೀನು ಅಲ್ಲಿ ಇಲ್ವೇ ಇಲ್ಲ ಅನ್ನಂಗೆ ಇರ್ಬೇಕು.”

ಸಿದ್ದಲಿಂಗೇಶ್ ಎಲ್ಲಕ್ಕೂ ತಲೆಯಾಡಿಸಿದ. ಅಂದು ಮಧ್ಯಾಹ್ನವೇ ಬೋರ್ಡು ಬರೆಯುವವನನ್ನು ಕರೆಸಿ, ಸ್ಟುಡಿಯೋದ ಬೋರ್ಡಿನಲ್ಲಿ ಮದುವೆ, ನಾಮಕರಣ, ಗೃಹಪ್ರವೇಶಗಳ ಕೆಳಗೆ ‘ಸ್ಪೋರ್ಟ್ಸ್ ಸ್ಪೆಷಲಿಸ್ಟ್’ ಎಂದು ಕೆಂಪು ತೆಲುಗು ಅಕ್ಷರಗಳಲ್ಲಿ ಸೇರಿಸಿದ. ಅಲ್ಲಿಯವರೆಗೆ ಅವನು ಒಂದು ಓಟವನ್ನೂ ನೋಡಿರಲಿಲ್ಲ.

ಫೋಟೋಕ್ಕೆ ಗೊತ್ತಾಗಿದ್ದ ಹುಡುಗಿಯ ಹೆಸರು ಶೋಭಾರಾಣಿ. ಬಿ.ಎಸ್ಸಿ. ಎರಡನೇ ವರ್ಷ. ಲೇಪಾಕ್ಷಿಯ ಪಕ್ಕದ ಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಬೆಳಿಗ್ಗೆ ಆರಕ್ಕೆಲ್ಲ ಮೈದಾನದಲ್ಲಿ ಇರುತ್ತಿದ್ದಳು. ಸಾವಿರದೈನೂರು ಮೀಟರ್ ಅವಳ ಓಟ. ಮಾತು ಬಹಳ ಕಡಿಮೆ, ಹೇಳಿದ ಕೆಲಸವನ್ನು ಹೇಳಿದ ಹಾಗೆಯೇ ಮಾಡುವ ಹುಡುಗಿ.

ಮೊದಲ ದಿನ ಅವಳು ಮೂರನೇ ಸುತ್ತಿನಲ್ಲಿ ಬಾಣದಂತೆ ಬರುತ್ತಿದ್ದಳು. ಕ್ಯಾಮರಾ ಎತ್ತಿದೊಡನೆ ಸಿದ್ದಲಿಂಗೇಶನ ಬಾಯಿ ತಾನಾಗಿ ತೆರೆಯಿತು. “ನಿಲ್ಲಮ್ಮಾ! ಇಲ್ಲಿ ನೋಡು! ನಗು!”

ಶೋಭಾರಾಣಿ ಗಕ್ಕನೆ ನಿಂತು, ಇತ್ತ ತಿರುಗಿ ನಕ್ಕಳು. ಅವಳೊಂದಿಗೆ ಓಡುತ್ತಿದ್ದ ಇನ್ನೂ ಮೂವರು ನಿಂತು ನಕ್ಕರು. ಸಕ್ಕರೆ ಕಾಯಿಲೆಗೆಂದು ಮೈದಾನ ಸುತ್ತುತ್ತಿದ್ದ ಮಂಡಲ ಕಚೇರಿಯ ಗುಮಾಸ್ತರು ಕೂಡ ನಿಂತು, ಮಫ್ಲರ್ ಸರಿಮಾಡಿಕೊಂಡರು. ಸಿದ್ದಲಿಂಗೇಶ್ ಕ್ಲಿಕ್ ಮಾಡುವ ಮೊದಲೇ ಪಿ.ಡಿ. ಸಾರ್ ಊದಿದ ಸೀಟಿ ಎದುರಿನ ಬಸ್ ಸ್ಟಾಪಿನವರೆಗೆ ಕೇಳಿ, ಹೊರಟಿದ್ದ ಒಂದು ಬಸ್ಸು ನಿಂತಿತು.

ಎರಡನೇ ದಿನವೂ ಇದೇ ಆಯಿತು. ಮೂರನೇ ದಿನ ಪಿ.ಡಿ. ಸಾರ್ ಸೋಲೊಪ್ಪಿಕೊಂಡು ಹುಡುಗಿಯನ್ನು ಪಕ್ಕಕ್ಕೆ ಕರೆದರು. “ನೋಡಮ್ಮಾ, ಆವಯ್ಯನ ಬಾಯಿ ಮುಚ್ಚಿಸೋದು ನನ್ ಕೈಲಾಗಲ್ಲ. ನೀನು ಕಿವಿ ಮುಚ್ಕೊ. ಅವನು ಏನ್ ಕೂಗಿದ್ರೂ ನಿಲ್ಬೇಡ, ತಿರುಗ್ಬೇಡ. ಇದೂ ಒಂದು ಟ್ರೈನಿಂಗ್ ಅನ್ಕೊ.”

ಶೋಭಾರಾಣಿ ಅದನ್ನು ಉಳಿದ ಟ್ರೈನಿಂಗಿನಷ್ಟೇ ಶ್ರದ್ಧೆಯಿಂದ ಮಾಡಿದಳು. ಮೊದಲು ಕತ್ತು ತಿರುಗುವುದು ನಿಂತಿತು, ಆಮೇಲೆ ಕಣ್ಣು ಹೊರಳುವುದು ನಿಂತಿತು. ತಿಂಗಳು ಕಳೆಯುವಷ್ಟರಲ್ಲಿ ಅವನು ಪಕ್ಕದಲ್ಲೇ ಜೋರಾಗಿ ಸೀನಿದರೂ ಅವಳು ಅತ್ತ ನೋಡುತ್ತಿರಲಿಲ್ಲ. ಸಿದ್ದಲಿಂಗೇಶ್ ಎರಡು ಸಾವಿರದಷ್ಟು ಫೋಟೋ ತೆಗೆದ. ಅವುಗಳಲ್ಲಿ ಜಡೆ ಇತ್ತು, ಮೊಣಕೈ ಇತ್ತು, ಧೂಳು ಬೇಕಾದಷ್ಟಿತ್ತು. ಮುಖ ಒಂದರಲ್ಲೂ ಇರಲಿಲ್ಲ.

ಮೈದಾನ ತನ್ನ ಕೈಗೆ ಹತ್ತುವುದಿಲ್ಲ, ತನ್ನ ಕಸುಬೇನಿದ್ದರೂ ಮನೆಯೊಳಗಿನ ‘ತಯಾರಾಗೋದು’ ಎಂದು ತೀರ್ಮಾನಿಸಿ, ಒಂದು ಭಾನುವಾರ ಅವನು ಹುಡುಗಿಯ ಹಳ್ಳಿಗೇ ಹೋದ. ಮದುವೆಗೆ ಒಯ್ಯುವ ಚೀಲವೇ ಹೆಗಲಲ್ಲಿತ್ತು. ಅದರೊಳಗೆ ಹಿತ್ತಾಳೆ ತಟ್ಟೆ, ವೀಳ್ಯದೆಲೆ, ಅರಿಶಿನ ಕುಂಕುಮದ ಭರಣಿ, ಪ್ಲಾಸ್ಟಿಕ್ ಮಲ್ಲಿಗೆ ದಂಡೆ. ಹುಡುಗಿಯ ತಂದೆ ಗಂಗರಾಜು ಹಿಪ್ಪುನೇರಳೆ ತೋಟಕ್ಕೆ ಸೊಪ್ಪು ಕೊಯ್ಯಲು ಹೋಗಿದ್ದ. ತಾಯಿ ಕೊಂಡಮ್ಮ ಜಗಲಿಯ ಮೇಲೆ ಮಗಳ ತಲೆ ಬಾಚುತ್ತಿದ್ದಳು.

ಸಿದ್ದಲಿಂಗೇಶ್ ತಟ್ಟೆಯ ಮೇಲೆ ಎಲೆ ಹರಡಿ, ಹುಡುಗಿಯ ಓಟದ ಶೂಗಳನ್ನು ಅದರ ಮೇಲಿಟ್ಟ. ತಟ್ಟೆಯಲ್ಲಿಟ್ಟ ವಸ್ತುವಿನ ಫೋಟೋವನ್ನು ಅರಿಶಿನ ಕುಂಕುಮವಿಲ್ಲದೆ ಅವನು ಜೀವಮಾನದಲ್ಲಿ ತೆಗೆದವನಲ್ಲ. ಹಾಗಾಗಿ ಎರಡೂ ಶೂಗಳ ಮೂತಿಗೆ ಬೊಟ್ಟಿಟ್ಟು, ಸುತ್ತ ಮಲ್ಲಿಗೆ ಸುತ್ತಿದ.

“ಆಗ್ಲಿ ಬಿಡಿ, ಅವಕ್ಕೂ ಒಂದು ಪೂಜೆ ಆದಂಗಾಯ್ತು. ನನ್ ಮಗೀನ ಹೊತ್ಕೊಂಡು ಓಡೋವು ಅವೇ ಅಲ್ವಾ,” ಎಂದಳು ಕೊಂಡಮ್ಮ.

ಪಕ್ಕದ ಮನೆಯ ಗೋಡೆಯ ಮೇಲೆ ಪೆದ್ದಕ್ಕನ ತಲೆ ಕಾಣಿಸಿತು. ಹೋದ ವರ್ಷ ಅವಳ ಮಗಳ ಮದುವೆಯ ಫೋಟೋ ತೆಗೆದವನೂ ಇದೇ ಸಿದ್ದಲಿಂಗೇಶ್. ಮದುವೆಯ ಫೋಟೋದವನು, ಅರಿಶಿನದ ತಟ್ಟೆ, ತಲೆ ಬಾಚಿಸಿಕೊಳ್ಳುತ್ತ ಕೂತ ಹುಡುಗಿ. ತಟ್ಟೆಯಲ್ಲಿದ್ದದ್ದು ಶೂ ಎಂಬುದು ಗೋಡೆಯಾಚೆಗೆ ಕಾಣುವಂತಿರಲಿಲ್ಲ.

“ಯಾವತ್ತು ಸಿದ್ದಲಿಂಗೇಶಪ್ಪ?”

ಅವನ ಒಂದು ಕಣ್ಣು ಕ್ಯಾಮರಾದೊಳಗಿತ್ತು, ಇನ್ನೊಂದು ಮುಚ್ಚಿತ್ತು. “ಹದಿನಾಲ್ಕನೇ ತಾರೀಕು ಕಣಕ್ಕ.”

“ಎಲ್ಲಿ?”

“ಕಲ್ಯಾಣದುರ್ಗದಾಗೆ.”

“ಜನ ಎಷ್ಟು ಹೋಯ್ತಾರೆ?”

“ಒಂದು ಬಸ್ಸು.”

ಅವನು ಹೇಳಿದ್ದು ಒಂದೂ ಸುಳ್ಳಲ್ಲ. ಹದಿನಾಲ್ಕಕ್ಕೆ ಕಲ್ಯಾಣದುರ್ಗದಲ್ಲಿ ಕಾಲೇಜುಗಳ ನಡುವಿನ ಕ್ರೀಡಾಕೂಟವಿತ್ತು, ಪಿ.ಡಿ. ಸಾರ್ ಒಂದು ಬಸ್ಸು ಗೊತ್ತುಮಾಡಿದ್ದರು. ಉಳಿದದ್ದನ್ನು ಪೆದ್ದಕ್ಕ ತಾನೇ ತುಂಬಿಕೊಂಡಳು. ಸುದ್ದಿ ಬೀದಿಯ ಕೊನೆ ಮುಟ್ಟುವ ಹೊತ್ತಿಗೆ ಗಂಡು ಪೊಲೀಸ್ ಇಲಾಖೆಯಲ್ಲಿದ್ದ. ಟೀ ಅಂಗಡಿಗೆ ಬರುವ ಹೊತ್ತಿಗೆ ಅವನಿಗೆ ಸ್ವಂತ ಕೊಳವೆಬಾವಿ ಮತ್ತು ವಿಧವೆ ಅತ್ತೆಯೊಬ್ಬಳು ಸೇರಿಕೊಂಡಿದ್ದರು.

ಟೀ ಅಂಗಡಿಯಲ್ಲಿ ನಾಲ್ಕು ಜನ ಗಂಗರಾಜುವಿನ ಕೈ ಕುಲುಕಿದರು. ತನಗೇನೂ ಗೊತ್ತಿಲ್ಲ ಎಂದು ಅವನೆಂದರೆ, ದೃಷ್ಟಿಯಾದೀತೆಂದು ಮುಚ್ಚಿಡುತ್ತಿದ್ದಾನೆ ಎಂದು ಎಲ್ಲರೂ ಮೆಚ್ಚಿಕೊಂಡರು.

ಸುದ್ದಿ ಅಲ್ಲಿಗೂ ನಿಲ್ಲದೆ ಕಲ್ಯಾಣದುರ್ಗಕ್ಕೆ, ಕೊಂಡಮ್ಮನ ಅಣ್ಣ ಜಯರಾಮಪ್ಪನ ಮೋಟರ್ ರಿಪೇರಿ ಅಂಗಡಿಗೆ ಹೋಯಿತು. ಆ ಮನೆತನಗಳಲ್ಲಿ ಹೆಣ್ಣುಮಗಳ ವಿಷಯದಲ್ಲಿ ಏನೇ ನಡೆಯಬೇಕಾದರೂ ಮೊದಲು ಸೋದರಮಾವನನ್ನು ಕೇಳಬೇಕು. ಅವನಿಗೆ ಮದುವೆಯಾಗಿದ್ದರೂ ಕೇಳಬೇಕು, ಅವನ ಮಗ ಇನ್ನೂ ಗೋಲಿ ಆಡುತ್ತಿದ್ದರೂ ಕೇಳಬೇಕು. ಜಯರಾಮಪ್ಪನ ಒಬ್ಬನೇ ಮಗನಿಗೆ ಒಂಬತ್ತು ವರ್ಷ.

“ತಕ್ಕಳದು ಬಿಡದು ಆಮ್ಯಾಕೆ. ಒಂದು ಮಾತು ನನ್ನ ಕೇಳ್ಬೇಕಾ, ಬ್ಯಾಡ್ವಾ?” ಎಂದು ಅವನು ಅಂಗಡಿಗೆ ಬಂದ ಒಬ್ಬೊಬ್ಬರನ್ನೂ ಕೇಳಿದ. ಸುಟ್ಟ ಮೋಟರ್ ಹೊತ್ತು ಬಂದವರು ಬೇರೇನು ಹೇಳಿಯಾರು? ಎಲ್ಲರೂ “ಕೇಳ್ಬೇಕು ಕಣಣ್ಣ” ಎಂದರು.

ಒಂದು ಫೋನು ಮಾಡಿ ತಂಗಿಯನ್ನು ವಿಚಾರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮುನಿಸಿಕೊಂಡವರು ತಾವಾಗಿ ಫೋನು ಮಾಡುವ ಪದ್ಧತಿ ಎಲ್ಲಿಯೂ ಇಲ್ಲ. ಕೊನೆಗೆ ಕೊಂಡಮ್ಮನೇ ಮಾಡಿದಳು. “ಅಣ್ಣಾ, ಹದಿನಾಲ್ಕಕ್ಕೆ ಮಗೀನ ಕರ್ಕೊಂಡು ನಿಮ್ಮೂರಿಗೇ ಬತ್ತೀವಿ. ಕಾಲೇಜು ಮೈದಾನದತ್ರ ಬಾ, ನೀನು ಬಂದ್ರೆ ಮಗೀಗೆ ಖುಷಿ, ಅವತ್ತು ಅವಳ್ದು...”

ಆ ಕಡೆ ಫೋನು ಕಟ್ಟಾಯಿತು. ಕೊಂಡಮ್ಮನ ಬಾಯಲ್ಲಿ ಉಳಿದ ಮಾತು ‘ಓಟ ಐತೆ’ ಎಂಬುದಾಗಿತ್ತು.

“ಕಾರ್ಡಿಲ್ಲ, ಅಕ್ಷತೆ ಇಲ್ಲ, ಫೋನಿನಾಗೆ ಕರೀತಾಳೆ!” ಎಂದು ಜಯರಾಮಪ್ಪ ಹೆಂಡತಿಗೆ ಹೇಳಿದ. “ಅದೂ ಮೈದಾನದಾಗೆ ಪೆಂಡಾಲಂತೆ. ಛತ್ರ ಸಿಗ್ಲಿಲ್ವಾ ಇವರಿಗೆ?”

ಮರುದಿನ, ಪ್ರಯಾಣದ ಫೋಟೋಕ್ಕೆಂದು ಅವನು ಹತ್ತಿದ್ದ ಲೇಪಾಕ್ಷಿ ಬಸ್ಸಿನಲ್ಲಿ, ಶೋಭಾರಾಣಿ ಸಿದ್ದಲಿಂಗೇಶನ ಪಕ್ಕಕ್ಕೆ ಬಂದು ಕೂತಳು. ಎರಡು ತಿಂಗಳಲ್ಲಿ ಮೊದಲ ಸಲ ಅವಳಾಗಿ ಮಾತಾಡಿದಳು, ಕಿಟಕಿಯಾಚೆ ನೋಡುತ್ತಲೇ.

“ಅಂಕಲ್, ಅಪ್ಪ ಹೇಳ್ಬುಟ್ರು. ಹದಿನಾಲ್ಕಕ್ಕೆ ಮೊದಲ ಇಬ್ರೊಳಗೆ ಬಂದು ಯೂನಿವರ್ಸಿಟಿ ಟೀಮಿಗೆ ಸೆಲೆಕ್ಟ್ ಆದ್ರೆ ಸರಿ. ಇಲ್ದಿದ್ರೆ ಓಟ ಬಂದ್, ಬೆಳಿಗ್ಗೆ ಬಸ್ಸೂ ಬಂದ್. ಊರವರ ಬಾಯಿಗೆ ಉತ್ತರ ಹೇಳಿ ಸಾಕಾಯ್ತಂತೆ.”

“ಊರವರು ಯಾತಕಮ್ಮ ಮಾತಾಡ್ತಾರೆ?”

“ನಿಮ್ಮ ಅರಿಶಿನದ ತಟ್ಟೆ ನೋಡಿ.”

ಅವಳು ಎಲ್ಲವನ್ನೂ ವಿವರಿಸಿದಳು. ಕೋಪದಿಂದ ಹೇಳಿದ್ದರೆ ಸಿದ್ದಲಿಂಗೇಶ್ ತಡೆದುಕೊಳ್ಳುತ್ತಿದ್ದ. ಅವಳು ಬಸ್ಸಿನ ಟೈಮು ಹೇಳುವಷ್ಟು ಸಾದಾ ಆಗಿ ಹೇಳಿದಳು. ಅವನಿಗೆ ನಿಜವಾಗಿಯೂ ಸಂಕಟವಾಯಿತು. ಅವಳ ಹಿಮ್ಮಡಿಯಲ್ಲಿ ಗುಳ್ಳೆ ಎದ್ದು, ಒಡೆದು, ಮತ್ತೆ ಎದ್ದದ್ದನ್ನು ಇಡೀ ಹಿಂದೂಪುರದಲ್ಲಿ ಹತ್ತಿರದಿಂದ ಕಂಡವನು ಅವನೊಬ್ಬನೇ. ಅವುಗಳ ಫೋಟೋ ಮಾತ್ರ ಚೆನ್ನಾಗಿ ಬಂದಿತ್ತು.

“ಹದಿನಾಲ್ಕಕ್ಕೆ ನನ್ ಬಾಯಿಂದ ಒಂದು ಮಾತು ಬರಲ್ಲ ಕಣಮ್ಮ,” ಎಂದ. “ಬಾಯಿಗೆ ಟವಲ್ ಕಟ್ಕೊಂಡು ನಿಲ್ತೀನಿ.”

ಹಾಗೆಯೇ ಮಾಡಿದ. ಹದಿನಾಲ್ಕನೇ ತಾರೀಕು ಕಲ್ಯಾಣದುರ್ಗದ ಮೈದಾನದಲ್ಲಿ, ಸುಣ್ಣದಲ್ಲಿ ಎಳೆದ ಮುಕ್ತಾಯದ ಗೆರೆಯ ಪಕ್ಕ, ಸಿದ್ದಲಿಂಗೇಶ್ ಮೂಗಿನ ಕೆಳಗೆ ಬಿಗಿಯಾಗಿ ಟವಲು ಕಟ್ಟಿಕೊಂಡು ನಿಂತಿದ್ದ. ಅಲ್ಲೇ ಮೂರು ಕುರ್ಚಿ ಹಾಕಿದ್ದರು. ನಡುವಿನದರಲ್ಲಿ ತೀರ್ಪುಗಾರರಾದ ನಿವೃತ್ತ ಡ್ರಿಲ್ ಮಾಸ್ಟರ್ ಕೇಶವಯ್ಯ, ಎರಡೂ ಬದಿಗೆ ಸ್ಟಾಪ್‌ವಾಚ್ ಹಿಡಿದ ಇಬ್ಬರು ಲೆಕ್ಚರರುಗಳು.

“ಏಮಯ್ಯಾ, ಹಲ್ಲು ನೋವಾ?” ಎಂದರು ಕೇಶವಯ್ಯ. ಸಿದ್ದಲಿಂಗೇಶ್ ಹೌದೆಂದು ತಲೆಯಾಡಿಸಿದ. ದೂರದ ಬೇವಿನ ಮರದಡಿ ಗಂಗರಾಜು ಕೈಕಟ್ಟಿ ನಿಂತಿದ್ದ. ಕೊಂಡಮ್ಮ ಸೆರಗಿನ ತುದಿ ಕಚ್ಚಿಕೊಂಡಿದ್ದಳು.

ಓಟ ಶುರುವಾಯಿತು. ಶೋಭಾರಾಣಿ ಮೊದಲ ಸುತ್ತಿನಲ್ಲಿ ಐದನೆಯವಳು, ಎರಡನೆಯದರಲ್ಲಿ ನಾಲ್ಕನೆಯವಳು. ಕೊನೆಯ ಸುತ್ತಿನ ಗಂಟೆ ಹೊಡೆಯುವಾಗ ಮೂರನೆಯವಳಾಗಿದ್ದಳು. ಒಬ್ಬಳು ಬಹಳ ಮುಂದೆ ಹೋಗಿಬಿಟ್ಟಿದ್ದಳು, ಅವಳ ಮಾತೇ ಬೇರೆ. ಎರಡನೆಯ ಜಾಗದಲ್ಲಿ ಬೆಳುಗುಪ್ಪದ ದಿವ್ಯ, ಕಲ್ಯಾಣದುರ್ಗದ ಕಾಲೇಜಿನವಳು. ಇಬ್ಬರ ನಡುವೆ ಹತ್ತು ಹೆಜ್ಜೆ.

ಆಗ ಮೈದಾನದ ಗೇಟಿನಲ್ಲಿ ಎರಡು ಆಟೋಗಳು ಬಂದು ನಿಂತವು. ಜಯರಾಮಪ್ಪ ಇಳಿದ, ಅವನ ಹಿಂದೆ ಎಂಟು ಜನ ನೆಂಟರು ಇಳಿದರು. ಜಗಳಕ್ಕೆಂದೇ ಬಂದಿದ್ದರೂ ಅವನ ಕಂಕುಳಲ್ಲಿ ಒಂದು ಸೀರೆಯ ಪೊಟ್ಟಣವಿತ್ತು. ಮದುವೆಗೆ ಸೋದರಮಾವ ತರಬೇಕಾದ ಸೀರೆ ಅದು. ಜಗಳದ ದಿನವಾದರೂ ಅದು ತಪ್ಪಿತೆಂದು ಆಡಿಕೊಳ್ಳುವವರಿಗೆ ಅವಕಾಶ ಕೊಡುವ ಮನುಷ್ಯ ಅವನಲ್ಲ.

ಮೈದಾನದಲ್ಲಿ ಅವನಿಗೆ ಗುರುತು ಸಿಕ್ಕಿದ್ದು ಒಂದೇ, ಫೋಟೋದವನು. ನೇರ ಬಂದು ಕ್ಯಾಮರಾದ ಪಟ್ಟಿಗೆ ಕೈ ಹಾಕಿದ. “ನೀನೇ ಅಲ್ವೇನಯ್ಯ ಹಿಂದೂಪುರದ ಫೋಟೋದೋನು? ಎಲ್ಲವ್ನೆ ಗಂಡು?”

“ಮ್... ಮ್...” ಎಂದು ಸಿದ್ದಲಿಂಗೇಶ್ ಓಡುತ್ತಿರುವ ಹುಡುಗಿಯರತ್ತ ಕೈ ತೋರಿಸಿದ.

ಜಯರಾಮಪ್ಪ ಅತ್ತ ನೋಡಿದ. “ಯಾಕೆ ಓಡ್ತಾವ್ರೆ? ಮುಹೂರ್ತ ಮೀರೋಯ್ತಾ? ಬಾಯಿ ಬಿಡಯ್ಯ!”

ಎಂಟು ಜನ ನೆಂಟರು ಒಟ್ಟಿಗೆ ಮಾತಾಡತೊಡಗಿದರು. ಮಾತಾಡುತ್ತ ಮಾತಾಡುತ್ತ ಒಂಬತ್ತೂ ಜನ ಸರಿಯಾಗಿ ಸುಣ್ಣದ ಗೆರೆಯ ಮೇಲೆಯೇ, ಓಟದ ದಾರಿಗೆ ಅಡ್ಡಲಾಗಿ ನಿಂತರು. ಕೇಶವಯ್ಯ ಸೀಟಿ ಊದಿದರು. ಯಾರೂ ಕೇಳಲಿಲ್ಲ. ಲೆಕ್ಚರರೊಬ್ಬರು “ತಪ್ಪುಕೋಂಡಿ, ತಪ್ಪುಕೋಂಡಿ, ದಾರಿ ಬಿಡಿ” ಎಂದು ತೆಲುಗು ಕನ್ನಡ ಎರಡೂ ಭಾಷೆಯಲ್ಲಿ ಬೇಡಿಕೊಂಡರು. ಹುಡುಗಿಯರು ಆಗಲೇ ಕೊನೆಯ ತಿರುವಿಗೆ ಬಂದಿದ್ದರು. ಶೋಭಾರಾಣಿಗೂ ದಿವ್ಯಳಿಗೂ ನಡುವೆ ಈಗ ಎರಡೇ ಹೆಜ್ಜೆ.

ಸಿಟ್ಟಾದ ನೆಂಟರನ್ನು ಇದ್ದ ಜಾಗದಿಂದ ಕದಲಿಸಲು ಲೋಕದಲ್ಲಿ ಒಂದೇ ಉಪಾಯವಿದೆ, ಅದು ಸಿದ್ದಲಿಂಗೇಶನಿಗೆ ಗೊತ್ತಿತ್ತು. ಅವನು ಟವಲು ಕಿತ್ತ.

“ಸೋದರಮಾವನೋರು ಮಧ್ಯಕ್ಕೆ ಬನ್ನಿ!”

ಜಯರಾಮಪ್ಪನ ಕೈ ಪಟ್ಟಿಯಿಂದ ಸಡಿಲವಾಯಿತು. ಈ ಇಡೀ ಪ್ರಕರಣದಲ್ಲಿ ಅವನನ್ನು ಸೋದರಮಾವ ಎಂದು ಗುರುತಿಸಿ ಕರೆದ ಮೊದಲನೆಯವನು ಈ ಫೋಟೋದವನು.

“ಮಿಕ್ಕೋರು ಅಕ್ಕಪಕ್ಕ! ಗೆರೆ ಬಿಟ್ಟು ಈಚೆಗೆ, ಇನ್ನೂ ಈಚೆಗೆ! ಹಾಂ, ಓಟಕ್ಕೆ ಬೆನ್ನು ಹಾಕಿ! ಕುಳ್ಳಗಿರೋರು ಮುಂದೆ!”

ಒಂಬತ್ತೂ ಜನ ಅರೆಗಳಿಗೆಯಲ್ಲಿ ದಾರಿ ಬಿಟ್ಟು ಸಾಲಾದರು. ಅವರನ್ನು ತಳ್ಳಲೆಂದು ಎದ್ದು ಬಂದ ಕೇಶವಯ್ಯ ಸಾಲಿನ ಬಲತುದಿಯಲ್ಲಿ ಸಿಕ್ಕಿಕೊಂಡರು, ಸಿಕ್ಕಿಕೊಂಡವರು ಟೋಪಿ ನೇರ ಮಾಡಿಕೊಂಡರು. ಲೆಕ್ಚರರುಗಳು ಎಡತುದಿಯಲ್ಲಿ ಕೂದಲು ಒತ್ತಿಕೊಂಡರು. ಗ್ರೂಪ್ ಫೋಟೋದಿಂದ ತಾವಾಗಿ ಆಚೆ ಹೋದವರನ್ನು ಸಿದ್ದಲಿಂಗೇಶ್ ಇಪ್ಪತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ.

“ಇಲ್ಲಿ ನೋಡಿ! ನಗಿ!”

ಕ್ಲಿಕ್, ಕ್ಲಿಕ್, ಕ್ಲಿಕ್.

ಎಲ್ಲರೂ ನಕ್ಕರು. ಅವರ ಬೆನ್ನ ಹಿಂದೆ ಸಾವಿರದೈನೂರು ಮೀಟರ್ ಮುಗಿದುಹೋಯಿತು.

ಮೊದಲು ಬಂದವಳ ಬಗ್ಗೆ ತಕರಾರಿರಲಿಲ್ಲ. ಎರಡನೆಯವಳು ಯಾರು? ಹಿಂದೂಪುರದವರು ಶೋಭಾರಾಣಿ ಎಂದು ಕೂಗಿದರು, ಕಲ್ಯಾಣದುರ್ಗದವರು ದಿವ್ಯ ಎಂದು ಕೂಗಿದರು. ಎಲ್ಲರೂ ಕೇಶವಯ್ಯನವರ ಕಡೆ ತಿರುಗಿದರು. ಕೇಶವಯ್ಯನವರು ಲೆಕ್ಚರರುಗಳ ಕಡೆ ತಿರುಗಿದರು. ಲೆಕ್ಚರರುಗಳು ಕೈಯಲ್ಲಿದ್ದ ಸ್ಟಾಪ್‌ವಾಚ್ ನೋಡಿದರು. ಎರಡೂ ಇನ್ನೂ ಓಡುತ್ತಿದ್ದವು.

“ನಾನು... ಒಂದು ಕ್ಷಣ... ಈ ಕಡೆ...” ಎಂದರು ಕೇಶವಯ್ಯ.

ಆಗ ಪಿ.ಡಿ. ಸಾರ್ ಸಿದ್ದಲಿಂಗೇಶನ ಕತ್ತಿನಲ್ಲಿದ್ದ ಕ್ಯಾಮರಾ ನೋಡಿದರು.

ಪುಟ್ಟ ಪರದೆಯ ಸುತ್ತ ಇಪ್ಪತ್ತು ತಲೆಗಳು ಸೇರಿದವು. ಮೊದಲನೆಯ ಫೋಟೋದಲ್ಲಿ ಜಯರಾಮಪ್ಪ ಕಣ್ಣು ಮುಚ್ಚಿದ್ದ. ಎರಡನೆಯದರಲ್ಲಿ ಕೇಶವಯ್ಯ ಎದೆ ಉಬ್ಬಿಸಿದ್ದರು. ಮೂರನೆಯದು ಗ್ರ್ಯಾಂಡಾಗಿ ಬಂದಿತ್ತು, ಹನ್ನೆರಡು ಜನ, ಹನ್ನೆರಡು ನಗು. ಮದುವೆ ಗ್ರೂಪಿನಲ್ಲಿ ಹಿಂದಿನ ಸಾಲಿನ ಅತ್ತಿಗೆಯ ಮುಖ ಮಸುಕಾದರೆ ಊಟದ ಹೊತ್ತಿಗೆ ಜಗಳವಾಗುತ್ತದೆಂದು ಸಿದ್ದಲಿಂಗೇಶ್ ಯಾವಾಗಲೂ ಹಿಂದಿನದೂ ಸ್ಪಷ್ಟವಾಗಿ ಬರುವಂತೆಯೇ ತೆಗೆಯುತ್ತಿದ್ದ. ಹಾಗಾಗಿ ಜಯರಾಮಪ್ಪನ ಎಡಗಿವಿಯ ಪಕ್ಕದ ಸಂದಿಯಲ್ಲಿ ಎಲ್ಲವೂ ಚೊಕ್ಕಟವಾಗಿ ಕಾಣುತ್ತಿತ್ತು. ಸುಣ್ಣದ ಗೆರೆ. ಗೆರೆ ದಾಟಿದ ಶೋಭಾರಾಣಿಯ ಎದೆ, ಮುಂದಕ್ಕೇ ನೆಟ್ಟ ದೃಷ್ಟಿ. ಅವಳಿಗಿಂತ ಒಂದು ಗೇಣು ಹಿಂದೆ ದಿವ್ಯ. ದಿವ್ಯಳ ಮುಖ ಪೂರ್ತಿ ಕ್ಯಾಮರಾದ ಕಡೆಗಿತ್ತು. ಬಹಳ ಮುದ್ದಾಗಿ ನಕ್ಕಿದ್ದಳು.

“ಇದು ಮೋಸ! ಇವನು ಕೂಗಿದ್ದಕ್ಕೆ ನಮ್ಮ ಹುಡುಗಿ ತಿರುಗಿದ್ದು!” ಎಂದರು ಆ ಕಾಲೇಜಿನ ಮೇಷ್ಟ್ರು.

“ನಮ್ಮ ಹುಡುಗಿಗೆ ಎರಡು ತಿಂಗಳಿಂದ ದಿನಾ ಕೂಗ್ತಾವ್ನೆ ಸಾರ್,” ಎಂದರು ಪಿ.ಡಿ. ಸಾರ್. “ಅವಳು ತಿರುಗಿದ್ಲಾ ನೋಡಿ.”

ಕೇಶವಯ್ಯ ಕನ್ನಡಕ ಒರೆಸಿಕೊಂಡರು. ಕೂಗಾಟ ಎಲ್ಲ ಓಟದಲ್ಲೂ ಇರುತ್ತದೆ, ತಿರುಗುವುದು ಬಿಡುವುದು ಓಡುವವರ ಕೈಯಲ್ಲಿದೆ ಎಂದು ತೀರ್ಪು ಕೊಟ್ಟರು. ಶೋಭಾರಾಣಿ ಎರಡನೆಯವಳು; ದಿವ್ಯ ಟೀಮಿನಲ್ಲಿ ಸ್ಟ್ಯಾಂಡ್‌ಬೈ. ಆಮೇಲೆ ಸಿದ್ದಲಿಂಗೇಶನನ್ನು ಮರೆಗೆ ಕರೆದು, ದಾಖಲೆಗೆ ಹಾಕುವ ಪ್ರತಿಯಲ್ಲಿ ಬಲತುದಿಯನ್ನು ಕತ್ತರಿಸಲು ಆಗುತ್ತದೆಯೇ ಎಂದು ಮೆಲ್ಲಗೆ ವಿಚಾರಿಸಿದರು. ದಿವ್ಯ ಬಂದು ತನಗೂ ಒಂದು ಕಾಪಿ ಬೇಕೆಂದಳು. ಅಷ್ಟು ಚೆನ್ನಾಗಿ ಅವಳ ಫೋಟೋ ಯಾವತ್ತೂ ಬಂದಿರಲಿಲ್ಲವಂತೆ.

ಅಷ್ಟರಲ್ಲಿ ಕೊಂಡಮ್ಮ ಅಣ್ಣನಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದಳು: ಗಂಡಿಲ್ಲ, ಪೆಂಡಾಲಿಲ್ಲ, ಇದ್ದದ್ದು ಓಟ. ಈ ದಿನ ಎರಡನೆಯವಳಾಗದೆ ಹೋಗಿದ್ದರೆ ಗಂಗರಾಜು ಓಟವನ್ನೇ ಬಿಡಿಸುತ್ತಿದ್ದ ಎಂಬುದನ್ನೂ ಹೇಳಿದ್ದಳು. ಜಯರಾಮಪ್ಪ ಕ್ಯಾಮರಾದ ಪರದೆಯನ್ನು ಬಹಳ ಹೊತ್ತು ನೋಡಿದ. “ನನ್ ಕಿವಿ ಪಕ್ಕದಾಗೇ ಹಾದೋಗವ್ಳೆ. ಗಾಳಿ ಬೀಸ್ದಂಗಾಯ್ತು ಅಂತ ಅನ್ಕೊಂಡೆ ಕಣಯ್ಯ” ಎಂದ. ಮರುಕ್ಷಣ ಅವನಿಗೆ ತನ್ನ ಸಿಟ್ಟು ನೆನಪಾಯಿತು. ಅದನ್ನು ಸುಮ್ಮನೆ ವಾಪಸ್ಸು ಒಯ್ಯುವಂತಿರಲಿಲ್ಲ. ನೇರವಾಗಿ ಬೇವಿನ ಮರದಡಿಗೆ ಹೋದ.

“ಏನ್ ಭಾವ, ಮಗೀಗೆ ಓಟ ಬಿಡಿಸ್ತೀನಿ ಅಂದ್ಯಂತೆ?”

“ಅದೂ... ಸೆಲೆಕ್ಟ್ ಆಗದಿದ್ರೆ ಅಂತ...” ಎಂದ ಗಂಗರಾಜು.

“ಆಗ್ಲಿ ಬಿಡ್ಲಿ! ನನ್ನ ಒಂದ್ ಮಾತು ಕೇಳ್ದೆ ಹೆಂಗಯ್ಯ ಬಿಡಿಸ್ತೀಯ? ಸೋದರಮಾವ ಅಂತ ಒಬ್ಬ ಅವ್ನೋ ಇಲ್ವೋ? ಕೇಳ್ಬೇಕಾ, ಬ್ಯಾಡ್ವಾ?”

ಎಂಟು ಜನ ನೆಂಟರು ಒಕ್ಕೊರಲಿನಿಂದ “ಕೇಳ್ಬೇಕು” ಎಂದರು. ಗಂಗರಾಜು ಕಟ್ಟಿದ ಕೈ ಬಿಚ್ಚಿದ. ಇನ್ನು ಮುಂದೆ ಕೇಳುತ್ತೇನೆ ಎಂದು ಎಲ್ಲರೆದುರು ಒಪ್ಪಿಕೊಂಡ. ಜಯರಾಮಪ್ಪ ಸೀರೆಯ ಪೊಟ್ಟಣವನ್ನು ಬೆವರು ಆರದ ಸೊಸೆಯ ಕೈಗಿಟ್ಟು, ಹನ್ನೆರಡು ಕಾಪಿ ಫೋಟೋ ಬೇಕೆಂದು ಸಿದ್ದಲಿಂಗೇಶನಿಗೆ ಹೇಳಿ ಆಟೋ ಹತ್ತಿದ.

ಸೋಮವಾರ ಶೋಭಾರಾಣಿ ಸ್ಟುಡಿಯೋಕ್ಕೆ ಬಂದಳು. ಯೂನಿವರ್ಸಿಟಿ ಟೀಮಿನ ಅರ್ಜಿಗೆ ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಿತ್ತು. ಸಿದ್ದಲಿಂಗೇಶ್ ನೀಲಿ ಪರದೆಯ ಮುಂದೆ ಸ್ಟೂಲು ಹಾಕಿ ಕೂರಿಸಿದ.

“ಇಲ್ಲಿ ನೋಡಮ್ಮ.”

ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು.

“ಅಲ್ಲಲ್ಲ, ಇಲ್ಲಿ.”

ಅವಳು ಬಾಗಿಲು ನೋಡಿದಳು. ಹನ್ನೊಂದು ಸಲ ಹೇಳಿದ. ಹನ್ನೊಂದು ಫೋಟೋಗಳಲ್ಲಿ ಹನ್ನೊಂದು ಕಡೆ ನೋಡಿದಳು.

“ಆಗ್ತಿಲ್ಲ ಅಂಕಲ್. ನಿಮ್ಮ ದನಿ ಕೇಳಿದ್ ತಕ್ಷಣ ಕಣ್ಣು ತಾನಾಗೇ ಬೇರೆ ಕಡೆ ಹೋಯ್ತವೆ.”

ಸಿದ್ದಲಿಂಗೇಶ್ ಕ್ಯಾಮರಾ ಬಿಟ್ಟು ಈಚೆ ಬಂದ. ಆಮೇಲೆ ಚೀಲದಿಂದ ಟವಲು ತೆಗೆದು, ಮೂಗಿನ ಕೆಳಗೆ ಬಿಗಿಯಾಗಿ ಕಟ್ಟಿಕೊಂಡು ಕ್ಯಾಮರಾದ ಹಿಂದೆ ಹೋದ. ಸದ್ದು ಬರಲಿಲ್ಲವಲ್ಲ ಎಂದು ಶೋಭಾರಾಣಿ ಮೆಲ್ಲಗೆ ಇತ್ತ ತಿರುಗಿ, ಅವನನ್ನು ಕಂಡು ಬಾಯಿ ತುಂಬ ನಕ್ಕಳು.

ಹಲ್ಲು ಕಾಣುವ ಫೋಟೋ ಅರ್ಜಿಗೆ ನಡೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಅದನ್ನೇ ಎರಡು ಪ್ರತಿ ತೆಗೆದು, ಅಂಟು ಹಚ್ಚಿ, ತಾನೇ ಅರ್ಜಿಗೆ ಅಂಟಿಸಿಕೊಟ್ಟ. ಆ ಇಡೀ ಸೀಸನ್ನಿನಲ್ಲಿ ಅವನು ತೆಗೆದ ಮೂರು ಸಾವಿರ ಫೋಟೋಗಳ ಪೈಕಿ ಅವಳ ಮುಖ ನೇರವಾಗಿ ಇತ್ತ ತಿರುಗಿದ್ದು ಅದೊಂದರಲ್ಲೇ.